ಖಾರವಿಲ್ಲದ ಮನೆ

ಅಡುಗೆಮನೆಯ ಡಬ್ಬಿಗಳನ್ನೆಲ್ಲ ತೆರೆದು ಮೂಸಿ ನೋಡಿದ ಚಿಕ್ಕಮ್ಮ ಸೊಂಟದ ಮೇಲೆ ಕೈಯಿಟ್ಟು ನಿಂತಳು.

“ಏನ್ ಮನೇನೇ ಇದು! ಮಣ್ಣಿಗೆ ಬಂದೋರಿಗೆ ಏನಾದ್ರೂ ಬೇಯ್ಸೋಣ ಅಂದ್ರೆ ಒಂದು ಮೆಣಸಿನಕಾಯಿ ಇಲ್ವಲ್ಲೇ!”

“ಅಮ್ಮ ತರೋಕೆ ಬಿಡ್ತಿರ್ಲಿಲ್ಲ ಚಿಕ್ಕಮ್ಮ,” ಎಂದಳು ಸತ್ತವಳ ಮಗಳು. ಬೆಳಿಗ್ಗೆಯಿಂದ ಅವಳ ಕಣ್ಣಲ್ಲಿ ಒಂದು ಹನಿ ನೀರು ಬಂದಿರಲಿಲ್ಲ. ತಾಯಿಯನ್ನು ಮಣ್ಣು ಮಾಡಿ ಬಂದ ಮೇಲೂ ಬರಲಿಲ್ಲ. ಹೊರಗೆ ಕೂತವರು ಆಗಲೇ ಗುಸುಗುಸು ಶುರುಮಾಡಿದ್ದರು. ಇಂಥದ್ದನ್ನೆಲ್ಲ ಜನಕ್ಕೆ ಹೇಳಿಕೊಡಬೇಕೆ?

ಪಕ್ಕದ ಮನೆಯವಳು ಒಂದು ಹಿಡಿ ಹಸಿಮೆಣಸಿನಕಾಯಿ ತಂದು ತಟ್ಟೆಗೆ ಸುರಿದಳು.

*

ತಾಯಿಗೆ ಹಣ್ಣಿನ ಸಂಶೋಧನಾ ಕೇಂದ್ರದಲ್ಲಿ ರುಚಿ ನೋಡುವ ಕೆಲಸ. ಅಲ್ಲಿ ಎಲ್ಲರಿಗೂ ಅವಳು ರುಚಿಯಮ್ಮ. ಹೊಸ ತಳಿಯ ಸಸಿ ಎರಡೆಲೆ ಬಿಟ್ಟೊಡನೆ ಅದರ ವಂಶವಾಹಿ ನೋಡಿ, ಮುಂದೆ ಬಿಡುವ ಹಣ್ಣು ಸಿಹಿಯೋ ಒಗರೋ ಎಂದು ಹೇಳುವ ಯಂತ್ರ ಅಲ್ಲಿತ್ತು. ಸಿಹಿ ಯಾವುದು, ಒಗರು ಯಾವುದು ಎಂದು ಅದಕ್ಕೆ ಕಲಿಸಿದ್ದು ರುಚಿಯಮ್ಮನ ನಾಲಿಗೆ. ಆ ನಾಲಿಗೆ ಕೆಡಬಾರದೆಂದು ಮನೆಗೆ ಖಾರ, ಈರುಳ್ಳಿ, ಕಾಫಿ ಯಾವುದೂ ಬರುತ್ತಿರಲಿಲ್ಲ. ಮಗಳೂ ಸಪ್ಪೆ ಉಂಡೇ ಬೆಳೆದಳು.

ಕೇಂದ್ರದ ವಿಜ್ಞಾನಿ ಒಮ್ಮೆ ಮಗಳ ಎಂಜಲನ್ನೂ ಪರೀಕ್ಷೆ ಮಾಡಿಸಿದ. ತಾಯಿಯದೇ ಜೀನ್, ತಾಯಿಯದೇ ನಾಲಿಗೆ. ತಾಯಿ ಹಿಗ್ಗಿ ಹೀರೇಕಾಯಿಯಾದಳು. ಆಮೇಲೊಂದು ದಿನ ಮಗಳು ಗೆಳತಿಯ ಡಬ್ಬಿಯಿಂದ ಖಾರದ ಪಲ್ಯ ತಿಂದು ಬಂದಾಗ, ಬಾಗಿಲಲ್ಲೇ ಬಾಯಿ ಮೂಸಿ ಕೆನ್ನೆಗೆ ಬಾರಿಸಿದಳು.

“ಹಾಳುಮಾಡ್ಕೋಬೇಡ್ವೇ. ನಾಳೆ ನಿನಗೆ ಅನ್ನ ಹಾಕೋದು ಅದೇ ನಾಲಿಗೆ.”

ಹೊಡೆದು, ತಾನೇ ಅತ್ತಳು.

*

ವಿಜ್ಞಾನಿ ಅಡುಗೆಮನೆಯ ಬಾಗಿಲಿಗೇ ಬಂದ. ಒಳ್ಳೆಯ ಮನುಷ್ಯ, ಮಣ್ಣು ಮಾಡುವಾಗ ನಿಜವಾಗಿ ಅತ್ತಿದ್ದ.

“ಈ ಹೊತ್ತಲ್ಲಿ ಕೇಳಬಾರದು. ಆದ್ರೆ ಹಣ್ಣು ಕಾಯಲ್ವಲ್ಲಮ್ಮಾ, ಮಾಗ್ತಾ ಇದೆ. ಬೇರೆ ನಾಲಿಗೆ ತಂದ್ರೆ ಯಂತ್ರಕ್ಕೆ ಮೊದಲಿಂದ ಕಲಿಸಬೇಕು.”

“ಅಮ್ಮನ ಕೆಲಸ ನನಗೆ ಬೇಡ ಸಾರ್. ಹೊಲಿಗೆ ಹಾಕ್ಕೊಂಡು ಇರ್ತೀನಿ.”

“ಇರಮ್ಮ, ಯಾರು ಬೇಡ ಅಂತಾರೆ? ಆದ್ರೆ ಈ ಮನೆ ರುಚಿ ನೋಡೋರಿಗೆ ಅಂತ ಕೇಂದ್ರ ಕೊಟ್ಟಿರೋದು. ನನ್ನ ಕೈಲಿ ಏನಿದೆ ಹೇಳು?”

“ಒಪ್ಕೊಳ್ಳೇ,” ಎಂದಳು ಚಿಕ್ಕಮ್ಮ. “ಗಂಡ ಇಲ್ಲ, ಕೈಗೂಸು ಬೇರೆ. ಎಲ್ಲಿಗೆ ಹೋಗ್ತೀಯಾ?”

ಮಗಳು ತಟ್ಟೆಯಿಂದ ಒಂದು ಮೆಣಸಿನಕಾಯಿ ಎತ್ತಿ ಕಚಕಚ ಅಗಿದಳು. ಮತ್ತೊಂದು. ಇನ್ನೊಂದು. ಬಾಯಿಗೆ ಬೆಂಕಿ ಬಿತ್ತು, ಕಣ್ಣಲ್ಲಿ ಮೂಗಲ್ಲಿ ದಳದಳ ನೀರಿಳಿಯಿತು. ಅದು ಯಾವಾಗ ನಿಜವಾದ ಅಳುವಾಯಿತೋ ಅವಳಿಗೇ ತಿಳಿಯಲಿಲ್ಲ. “ಅಮ್ಮಾ” ಎಂದು ಕೂಗಿಕೊಂಡಳು.

ಅಂತೂ ಅತ್ತಳಲ್ಲ ಎಂದು ಹೊರಗೆ ಕೂತವರಿಗೆ ಸಮಾಧಾನವಾಯಿತು.

ವಿಜ್ಞಾನಿ ಗಾಬರಿಯಿಂದ ಒಂದು ಲೋಟ ನೀರು ತಂದ. “ಅತ್ತುಬಿಡಮ್ಮ. ನಾಲಿಗೆಗೇನೂ ಆಗಲ್ಲ, ಎರಡು ದಿನಕ್ಕೆ ಸರಿಹೋಗತ್ತೆ. ನಾನು ಕಾಯ್ತೀನಿ.”

ಅವಳು ಲೋಟ ಇಸಕೊಂಡು ಬಾಯಿ ತುಂಬ ನೀರು ಹಾಕಿಕೊಂಡಳು. ನುಂಗಲಿಲ್ಲ. ಎಡಗೆನ್ನೆಗೆ ತಂದು, ಬಲಗೆನ್ನೆಗೆ ತಂದು, ನಾಲಿಗೆಯ ಬುಡದವರೆಗೂ ಆಡಿಸಿ ಸಿಂಕಿಗೆ ಉಗಿದಳು. ಒಂದು ಹಣ್ಣಿಗೂ ಮತ್ತೊಂದಕ್ಕೂ ನಡುವೆ ತಾಯಿ ಮಾಡುತ್ತಿದ್ದಂತೆಯೇ. ವಿಜ್ಞಾನಿ, ರೂಢಿಯಂತೆ, ಖಾಲಿ ಲೋಟಕ್ಕೆ ಕೈಚಾಚಿ ನಿಂತಿದ್ದ.