ಟಿಪ್ಪರಿನ ಆಯಿಲ್ ಕಳ್ಳ

ಹುಲ್ಲಪ್ಪಗ ಸಾಕುಸಾಕಾಗಿ ಹೋಗಿತ್ತು. ಇಳಕಲ್ಲಿನ ಕೆಂಪು ಕಲ್ಲಿನ ಕ್ವಾರಿಯೊಳಗ ಟಿಪ್ಪರ್ ಹೊಡಿಯೂ ಡ್ರೈವರ್ ಅಂವ. ಎಷ್ಟ ಆಯಿಲ್ ಹಾಕಿದ್ರೂ ಇಂಜಿನ್ನ್ಯಾಗ ಉಳೀತಿರಲಿಲ್ಲ. ಮಾಲಕ ಸಂಗಯ್ಯನವರು ನೋಡೂತನಕ ನೋಡಿ, ನಿನ್ನೆ ಚಾದಂಗಡಿ ಮುಂದ, ಇದ್ದಬಿದ್ದ ಮಂದಿ ಎಲ್ಲಾ ಕೇಳೂವಂಗ ಅಂದs ಬಿಟ್ಟಿದ್ರು: "ಆಯಿಲ್ ಮಾರಕೊಂಡು ತಿನ್ನಾಕತ್ತೀಯಲ್ಲಲೇ, ಕಳ್ಳ!"

ಅದು ಸಾಲದಂತ, ಮನ್ಯಾಗ ಹೆಂಡ್ತಿ ಶಾರವ್ವನೂ "ಖರೆ ಹೇಳ್ರಿ, ಮಾರೀರೇನು?" ಅಂತ ಕೇಳಿದ್ಲು. ಹುಲ್ಲಪ್ಪಗ ತಲಿ ಗ್ವಾಡಿಗೆ ಹೊಡಕೋಬೇಕನಿಸ್ತು. ಕಟಗೊಂಡಾಕಿನs ನಂಬಲಿಲ್ಲಂದ್ರ ಇನ್ನ ಊರಾಗ ಯಾರು ಗಾಡಿ ಕೈಯಾಗ ಕೊಡ್ತಾರ?

ಮುಂಜಾನೆದ್ದು ಮಾಲಕರನ್ನ ಕೂಡಿಸಿಕೊಂಡು ಟಿಪ್ಪರನ್ನ ನೆಟ್ಟಗ ಮೆಕ್ಯಾನಿಕ್ ರಾಚಪ್ಪನ ಗ್ಯಾರೇಜಿಗೆ ಒಯ್ದ. "ರಾಚಪ್ಪಣ್ಣ, ಕಳ್ಳನ್ನ ಹಿಡದು ಕೊಡಪಾ," ಅಂದ.

ರಾಚಪ್ಪ ಇಂಜಿನ್ ಚಾಲೂ ಇಟ್ಟು ಆಯಿಲ್ ಹಾಕೂ ಮುಚ್ಚಳ ತಗದ. ಒಳಗಿಂದ ಬುಸುಬುಸು ಹೊಗಿ. ಹಿಂದ ಸೈಲೆನ್ಸರಿನ್ಯಾಗೂ ನೀಲಿ ಹೊಗಿ. "ಆಯಿಲ್ ಮ್ಯಾಲೇರದಂಗ ತಡಿಯೂ ಪಿಸ್ಟನ್ ರಿಂಗ್ ಸವದಾವ್ರಿ ಅಯ್ಯಾರ. ಆಯಿಲ್ ಮ್ಯಾಲೇರಿ ಡೀಸೆಲ್ ಜೋಡಿ ಸುಡಾಕತ್ತೈತಿ. ಯಾರೂ ಕದ್ದಿಲ್ಲ."

"ಹ್ವಾದ ವರ್ಷ ತಂದ ಗಾಡಿ, ಹೆಂಗ ಸವೀತಾವ? ಇಂವs ಹೊಡದು ಕೆಡಿಸ್ಯಾನ!" ಅಂದ್ರು ಸಂಗಯ್ಯ.

ಹುಲ್ಲಪ್ಪಗ ಬಾಣಲಿಯಿಂದ ಬೆಂಕಿಗೆ ಬಿದ್ದಂಗಾತು. "ಯಪ್ಪಾ ಯಪ್ಪಾ!" ಅಂತ ಹಣಿ ಬಡಕೊಂಡ.

ರಾಚಪ್ಪ ಇಂಜಿನ್ನಿಗೆ ಹೋಗೂ ಗಾಳಿ ಸೋಸೂ ಏರ್ ಫಿಲ್ಟರ್ ಬಿಚ್ಚಿ ಬಿಸಲಿಗೆ ಹಿಡದ. ಒಳಗಿನ ಕಾಗದದ ತುಂಬ ತೂತು. ಪೈಪಿನೊಳಗ ಕೆಂಪು ಧೂಳು. "ಈ ಧೂಳ ಹೊಕ್ಕು ರಿಂಗ್ ತಿಂದೈತಿ. ಇದನ್ನ ಯಾರು ತೊಳದ್ರು? ಕಾಗದಾ ತೊಳೀತಾರೇನ್ರಿ? ಹೊಲಸಾದ್ರ ಹೊಸಾದು ಹಾಕಬೇಕು."

ಸಂಗಯ್ಯ ಗಂಟಲ ಸರಿಮಾಡಿಕೊಂಡ್ರು. ಅಮಾಸಿಗೊಮ್ಮೆ ಗಾಡಿ ಪೂಜಿ. ಆವತ್ತು ಯಾರಿಗೂ ಮುಟ್ಟಾಕ ಬಿಡದs, ಫಿಲ್ಟರ್ ಬಿಚ್ಚಿ, ಸೋಪಿನ ಪುಡಿ ಹಾಕಿ, ಬ್ರಶ್‌ಲೆ ತಿಕ್ಕಿ ತೊಳದು, ವಿಭೂತಿ ಹಚ್ಚಿ ಕೂಡಿಸಾವ್ರು ಅವರs. "ಹೊಲಸ ಇಟಗೊಂಡು ಪೂಜಿ ಹೆಂಗ ಮಾಡೂದೋ?" ಅಂದ್ರು. ಆಮ್ಯಾಲೆ ಹುಲ್ಲಪ್ಪನ ಕಡೆ ತಿರುಗಿ, ರಾಚಪ್ಪಗೂ ಕೇಳದಷ್ಟು ಸಣ್ಣ ದನೀಲೆ, "ಆತು ಬಿಡು, ತಪ್ಪಾತು. ರಿಪೇರಿ ಆಗೂದs ತಡ, ಕೆಲಸಕ್ಕ ಬಾ."

ಹುಲ್ಲಪ್ಪ ಚಾವಿ ಅವರ ಕೈಯಾಗಿಟ್ಟ. "ಅಯ್ಯಾರ, ಕಳ್ಳ ಅಂದಿದ್ದು ಚಾದಂಗಡಿ ಮುಂದ. ತಪ್ಪಾತು ಅನ್ನೂದು ಗ್ಯಾರೇಜಿನ ಮೂಲ್ಯಾಗೇನ್ರಿ? ಅಲ್ಲೇ ಬಂದು ಅನ್ರಿ. ಇಲ್ಲಂದ್ರ ಬ್ಯಾರೆ ಡ್ರೈವರನ್ನ ನೋಡ್ಕೋರಿ."

ಸಂಗಯ್ಯ ಮಾರಿ ಗಂಟ ಹಾಕ್ಕೊಂಡು ಚಾದಂಗಡಿ ಕಡೆ ಹೊಂಟ್ರು. ಹುಲ್ಲಪ್ಪ ಫೋನ್ ಕಿವಿಗಿಟಗೊಂಡು ಹಿಂದ ನಡದ: "ಶಾರಾ, ಲಗೂನ ಚಾದಂಗಡಿಗೆ ಬಾ. ಒಲಿ ಮ್ಯಾಲಿನ ಅಡಗಿ ತಳಾ ಹತ್ತಿದ್ರ ಹತ್ತಲಿ!"