ಕಾಲು ಬಾಟಲಿ ಸ್ಪಿರಿಟ್

ಮುಂಬಯಿ ಅಂಚಿನ ಮುಲುಂಡ್‌ನ ಚಹಾ ಹೋಟೆಲಿನಿಂದ ತಿರುಮಲೇಶ ಹೊರಗೆ ಬಂದಾಗ ಅವನ ಕಾರಿನ ಎಡ ಮುಂಚಕ್ರದ ಹತ್ತಿರ ಯಾರೋ ಕುಕ್ಕರಗಾಲಲ್ಲಿ ಕೂತಿದ್ದರು. ಖಾಕಿ ಚಡ್ಡಿ, ಎಣ್ಣೆಗಲೆಯ ಅಂಗಿ, ನಲವತ್ತರ ಆಸುಪಾಸು. ಒಂದು ಕೈ ಚಕ್ರದ ಒಳಮೈ ಮೇಲಿತ್ತು.

"ಏಯ್, ಯಾರಯ್ಯಾ ನೀನು? ಏನು ಮಾಡ್ತಿದೀಯ ಅಲ್ಲಿ?"

ಆತ ಎದ್ದು ಕೈ ಒರೆಸಿಕೊಂಡ. ಮಾತಿನ ಧಾಟಿ ಕೇಳಿ ಕನ್ನಡದಲ್ಲೇ ಹೇಳಿದ. "ಎಣ್ಣೆ ಸೋರ್ತಾ ಉಂಟು ಸ್ವಾಮಿ. ಬ್ರೇಕಿನ ಎಣ್ಣೆ. ಹೀಗೇ ಹೋಗ್ಬೇಡಿ."

ತಿರುಮಲೇಶನಿಗೆ ಇಂಥ ಮಾತುಗಳೆಲ್ಲ ಗೊತ್ತಿದ್ದವು. ಹೆದ್ದಾರಿ ಬದಿಯ ಮೆಕ್ಯಾನಿಕ್‌ಗಳು ಚಹಾ ಕುಡಿಯುವಷ್ಟರಲ್ಲಿ ಏನಾದರೂ ಸಡಿಲಿಸಿ, ಆಮೇಲೆ ದೇವರ ಹಾಗೆ ಪ್ರತ್ಯಕ್ಷರಾಗುತ್ತಾರೆಂದು ಕಚೇರಿಯಲ್ಲಿ ಸಹೋದ್ಯೋಗಿಗಳು ಎಚ್ಚರಿಸಿಯೇ ಕಳಿಸಿದ್ದರು. "ನಮ್ಮ ಗಾಡಿ ನಮಗೆ ಗೊತ್ತು, ಹೋಗು," ಎಂದು ಬಾಗಿಲು ಎಳೆದುಕೊಂಡ.

ಆ ಕಾರಿಗೆ ಆಗಲೇ ಇಪ್ಪತ್ತು ವರ್ಷ. ನಲವತ್ತೇಳರಲ್ಲಿ ಊರಿಗೆ ಹೊರಟ ಇಂಗ್ಲಿಷ್ ಅಧಿಕಾರಿಯಿಂದ ಕೊಂಡದ್ದು. ಸರ್ಕಾರಿ ಕಚೇರಿಯ ಹೆಡ್ ಕ್ಲಾರ್ಕ್ ಆಗಿದ್ದ ತಿರುಮಲೇಶ ಭಾನುವಾರ ಬಿಟ್ಟು ಬೇರೆ ದಿನ ಅದನ್ನು ಹೊರಗೆ ತೆಗೆಯುತ್ತಿರಲಿಲ್ಲ. ಹೆಂಡತಿ ಪಂಕಜಾಳ ತಂಗಿಯ ಮದುವೆಗೆಂದು ಐವತ್ತೈದರ ಮೇ ತಿಂಗಳ ಆ ಬೆಳಿಗ್ಗೆ ಅಂಧೇರಿಯಿಂದ ಮೈಸೂರಿಗೆ ಇಬ್ಬರೂ ಹೊರಟಿದ್ದರು. ಸಂಜೆಯೊಳಗೆ ಘಾಟಿ ಹತ್ತಿ ಪುಣೆ ಸೇರಬೇಕು ಎಂಬುದು ಅವನ ಲೆಕ್ಕ.

ಎರಡು ಫರ್ಲಾಂಗ್ ಹೋಗಿರಲಿಕ್ಕಿಲ್ಲ. ಮುಂದೆ ಎತ್ತಿನ ಗಾಡಿಯೊಂದು ರಸ್ತೆಗೆ ಅಡ್ಡ ಬಂತು. ತಿರುಮಲೇಶ ಬ್ರೇಕ್ ತುಳಿದ. ಪೆಡಲು ತಡೆಯೇ ಇಲ್ಲದೆ ನೆಲಕ್ಕೆ ಹೋಗಿ ಕೂತಿತು. ಮತ್ತೆ ತುಳಿದ, ಮತ್ತೆ ಹಾಗೇ. "ರೀ!" ಎಂದು ಪಂಕಜಾ ಕೂಗಿದಳು. ಅವನು ಸ್ಟಿಯರಿಂಗ್ ಪೂರ್ತಿ ಎಡಕ್ಕೆ ತಿರುಗಿಸಿ ಕೈಬ್ರೇಕ್ ಎಳೆದ. ಕಾರು ರಸ್ತೆ ಬದಿಯ ಜಲ್ಲಿ ರಾಶಿಗೆ ಮೂತಿ ತೂರಿಸಿ ನಿಂತಿತು.

ಇಬ್ಬರಿಗೂ ಪೆಟ್ಟಾಗಿರಲಿಲ್ಲ. ಪಂಕಜಾಳ ಬಳೆ ಮಾತ್ರ ಎರಡು ಒಡೆದಿದ್ದವು. ಹಿಂದಿನಿಂದ ಆ ಖಾಕಿ ಚಡ್ಡಿಯವ ಓಡಿ ಬರುತ್ತಿದ್ದ.

"ನೋಡು, ಬಂದ," ಎಂದ ತಿರುಮಲೇಶ. "ಇವನದೇ ಕೆಲಸ ಕಣೇ ಇದು."

ಪಂಕಜಾಳಿಗೂ ಹಾಗೇ ಅನಿಸಿತು. ಆದರೆ ಆ ರಸ್ತೆಯಲ್ಲಿ ಬೇರೆ ಮೆಕ್ಯಾನಿಕ್ ಯಾರಿದ್ದರು?

ಅವನ ಹೆಸರು ದೂಜ. ಉಡುಪಿ ಕಡೆಯವನು, ಬಸ್ಸು ಲಾರಿಗಳ ಕೆಲಸ ಕಲಿತವನು. ಚಹಾ ಹೋಟೆಲಿನ ಕಾಂತಪ್ಪನಿಂದ ಹಗ್ಗ ತಂದು, ನಾಲ್ಕು ಜನರನ್ನು ಸೇರಿಸಿ ಕಾರನ್ನು ಹೋಟೆಲಿನ ಪಕ್ಕಕ್ಕೆ ಎಳೆಸಿದ. ಚಕ್ರ ಬಿಚ್ಚಿ, ಒಳಗಿನಿಂದ ಬೆರಳ ತುದಿಯಷ್ಟು ದಪ್ಪದ ರಬ್ಬರಿನ ಬಟ್ಟಲೊಂದನ್ನು ತೆಗೆದು ತೋರಿಸಿದ. ಅಂಚೆಲ್ಲ ಮೇಣದ ಹಾಗೆ ಕರಗಿ ಹರಿದಿತ್ತು.

"ಈ ವಾಶರು ಹೋಗಿದೆ. ಎಣ್ಣೆ ಎಲ್ಲ ಇದರಲ್ಲೇ ಹೊರಗೆ ಬಂದದ್ದು. ಇಷ್ಟು ಹಳೆ ಗಾಡಿಯ ವಾಶರು ಅಂಗಡಿಯಲ್ಲಿ ಕೂಡ್ಲೆ ಸಿಗೂದಿಲ್ಲ. ಧಾರಾವಿಯಲ್ಲಿ ಮುರಿಗೆಪ್ಪ ಅಂತ ಚರ್ಮದ ಕೆಲಸದವ ಇದ್ದಾನೆ, ಪಂಪಿಗೆಲ್ಲ ಮಾಡಿ ಕೊಡ್ತಾನೆ. ಮತ್ತೆ ಬ್ರೇಕಿಗೆ ತುಂಬ್ಲಿಕ್ಕೆ ಹರಳೆಣ್ಣೆ ಬೇಕು."

"ಹರಳೆಣ್ಣೆ ನನ್ನ ಹತ್ರ ಇದೆ," ಎಂದಳು ಪಂಕಜಾ. ದಾರಿಯ ಬಿಸಿಲಿಗೆ ನೆತ್ತಿಗೆ ಒತ್ತಿಕೊಳ್ಳಲೆಂದು ಒಂದು ಬಾಟಲಿ ಇಟ್ಟುಕೊಂಡಿದ್ದಳು.

"ಒಳ್ಳೇದಾಯ್ತು ಅಮ್ಮ. ಆದ್ರೆ ಬರೀ ಹರಳೆಣ್ಣೆ ದಪ್ಪ, ಆ ಸಣ್ಣ ಪೈಪಿನಲ್ಲಿ ಓಡೂದಿಲ್ಲ. ಸ್ವಲ್ಪ ಸ್ಪಿರಿಟ್ ಸೇರಿಸ್ಬೇಕು."

ಸ್ಪಿರಿಟ್ ಎಂಬ ಮಾತು ಕೇಳಿದ್ದೇ ತಿರುಮಲೇಶನ ಕಿವಿ ನೆಟ್ಟಗಾಯಿತು. ಇಡೀ ಮುಂಬಯಿ ರಾಜ್ಯದಲ್ಲಿ ಪಾನನಿಷೇಧ. ಮೋಟಾರಿನ ಟ್ಯೂಬಿನಲ್ಲಿ, ಸೀಟಿನ ಕೆಳಗೆ ಕಳ್ಳಭಟ್ಟಿ ಸಾಗಿಸಿ ಸಿಕ್ಕಿಬಿದ್ದವರ ಸುದ್ದಿ ದಿನವೂ ಪೇಪರಿನಲ್ಲಿ. ಒಂದು ಕೇಸು ಬಿದ್ದರೆ ಸರ್ಕಾರಿ ನೌಕರಿಯ ಕಥೆ ಮುಗಿಯಿತು.

ಅವನು ಹೆಂಡತಿಯನ್ನು ಪಕ್ಕಕ್ಕೆ ಕರೆದ. "ಇವನ ಕಣ್ಣು ನಮ್ಮ ಗಾಡಿ ಮೇಲೆ. ಮದುವೆಗೆ ಹೊರಟವರ ಗಾಡಿಯನ್ನ ಪೊಲೀಸರು ತಡೆಯೋದಿಲ್ಲ ಅಂತ ಗೊತ್ತು. ಅಡಿಯಲ್ಲಿ ಏನಾದರೂ ಕಟ್ಟಿ ಕಳಿಸಿದರೆ?"

"ಹಾಗಾದ್ರೆ ನೀವೂ ಅವನ ಜೊತೆ ಹೋಗಿ. ನಾನು ಇಲ್ಲಿ ಗಾಡಿ ಕಾಯ್ತೀನಿ. ಒಬ್ಬರನ್ನೂ ಹತ್ತಿರ ಬಿಡಲ್ಲ."

ತಿರುಮಲೇಶ, ದೂಜ ಇಬ್ಬರೂ ಲೋಕಲ್ ರೈಲು ಹತ್ತಿ ಸಯನ್‌ನಲ್ಲಿ ಇಳಿದರು. ಧಾರಾವಿಯ ಗಲ್ಲಿಗಳಲ್ಲಿ ಹಸಿ ಚರ್ಮದ ವಾಸನೆ. ತಿರುಮಲೇಶ ಕರವಸ್ತ್ರ ಮೂಗಿಗೆ ಹಿಡಿದು, ದೂಜನ ಬೆನ್ನನ್ನು ಕಣ್ಣಿನಿಂದ ತಪ್ಪಿಸದೆ ನಡೆದ. ಮುರಿಗೆಪ್ಪ ಹಳೆಯ ರಬ್ಬರನ್ನು ಅಳತೆ ಹಿಡಿದು, ತೊಗಲನ್ನು ನೆನೆಸಿ, ಮರದ ಅಚ್ಚಿಗೆ ಒತ್ತಿ, ಗಂಟೆಯೊಳಗೆ ಚಿಕ್ಕ ಬಟ್ಟಲು ಮಾಡಿಕೊಟ್ಟ. ತಿರುಮಲೇಶ ಅದನ್ನೂ ಹಳೆಯ ರಬ್ಬರನ್ನೂ ತನ್ನ ಜೇಬಿಗೇ ಹಾಕಿಕೊಂಡ.

"ನೀವು ಇಲ್ಲೇ ನಿಲ್ಲಿ, ಈಗ ಬಂದೆ," ಎಂದು ದೂಜ ಪಕ್ಕದ ಸಂದಿಯೊಳಗೆ ನುಗ್ಗಿದ. ಹತ್ತು ನಿಮಿಷವಾಯಿತು, ಇಪ್ಪತ್ತಾಯಿತು. ಯಾರೋ ಇಬ್ಬರು ಬಾಗಿಲಿನಿಂದ ಇಣುಕಿ ತಿರುಮಲೇಶನನ್ನು ನೋಡಿ ಒಳಗೆ ಹೋದರು. ದೂಜ ಬಂದಾಗ ಅವನ ಕೈಯಲ್ಲಿ ಪೇಪರು ಸುತ್ತಿದ ಕಾಲು ಬಾಟಲಿ ಇತ್ತು.

"ಎಲ್ಲಿಂದ ತಂದೆ?"

"ಕಪಾಟಿಗೆ ಪಾಲಿಶ್ ಹೊಡೆಯುವವರ ಹತ್ರ. ಇದನ್ನ ನಿಮ್ಮ ಚೀಲದಲ್ಲಿ ಇಡಿ ಸ್ವಾಮಿ. ನಿಮ್ಮನ್ನ ಯಾರೂ ಕೇಳೂದಿಲ್ಲ. ನನ್ನ ಅಂಗಿ ನೋಡಿದ್ರೆ ಪೊಲೀಸರು ನಿಲ್ಲಿಸ್ತಾರೆ."

"ನಾನು ಮುಟ್ಟೋದಿಲ್ಲ!" ತಿರುಮಲೇಶ ಎರಡು ಹೆಜ್ಜೆ ಹಿಂದೆ ಸರಿದ. ಚೀಲಕ್ಕೆ ಬಾಟಲಿ ತುರುಕಿ ತನ್ನನ್ನು ಸಿಕ್ಕಿಸುವ ಹಂಚಿಕೆ ಇದೇ ಎಂದು ಅವನಿಗೆ ಖಾತ್ರಿಯಾಯಿತು.

ದೂಜ ಬಾಟಲಿಯನ್ನು ಸೊಂಟಕ್ಕೆ ಸಿಕ್ಕಿಸಿ ಅಂಗಿ ಇಳಿಬಿಟ್ಟ.

ಸಯನ್ ಸ್ಟೇಷನ್ನಿನ ಮೆಟ್ಟಿಲ ಬಳಿ ಹವಾಲ್ದಾರ ಅವನನ್ನು ನಿಲ್ಲಿಸಿಯೇಬಿಟ್ಟ. ಮೂಗು ಹತ್ತಿರ ತಂದ, ಅಂಗಿ ಎತ್ತಿದ, ಬಾಟಲಿ ಕಿತ್ತುಕೊಂಡ. ದೂಜ ಹಿಂದಿಯಲ್ಲಿ, "ಗಾಡಿಯ ಬ್ರೇಕಿಗೆ ಸಾಹೇಬ್. ಈ ಸಾಹೇಬರದ್ದೇ ಗಾಡಿ, ಕೇಳಿ ಬೇಕಾದ್ರೆ," ಎಂದು ತಿರುಮಲೇಶನ ಕಡೆ ತೋರಿಸಿದ.

ಹವಾಲ್ದಾರ ತಿರುಗಿದ. "ಇವನು ನಿಮ್ಮ ಜೊತೆಯವನಾ?"

ಸುತ್ತ ಆಗಲೇ ಜನ ಸೇರಿತ್ತು.

"ಇಲ್ಲ," ಎಂದ ತಿರುಮಲೇಶ. "ನನಗೆ ಗೊತ್ತಿಲ್ಲ."

ದೂಜ ಒಂದು ಗಳಿಗೆ ಅವನ ಮುಖ ನೋಡಿದ. ಆಮೇಲೆ ಹವಾಲ್ದಾರನ ಜೊತೆ ನಡೆದುಹೋದ.

ಮುಲುಂಡ್ ತಲುಪುವವರೆಗೂ ತಿರುಮಲೇಶ ತಾನು ಬಚಾವಾದೆನೆಂದು ಸಮಾಧಾನ ಹೇಳಿಕೊಂಡ. ಒಬ್ಬನೇ ಬಂದದ್ದನ್ನು ಕಂಡು ಪಂಕಜಾ ಎದ್ದು ನಿಂತಳು. ಅವನು ನಡೆದದ್ದನ್ನೆಲ್ಲ ಹೇಳಿದ.

"ನೀವು ಹೋದ ಮೇಲೆ ಗಾಡಿ ನಿಂತಿದ್ದ ಜಾಗ ನೋಡ್ಕೊಂಡು ಬಂದೆ," ಎಂದಳು. "ಹೋಟೆಲಿಗೆ ಬರೋ ದಾರಿ ಉದ್ದಕ್ಕೂ ಎಣ್ಣೆ ಹನಿ ಬಿದ್ದಿದೆ. ನಾವು ಬಂದ ಭಾಂಡುಪ್ ಕಡೆಯಿಂದಾನೇ. ನಾವು ಇಲ್ಲಿ ನಿಲ್ಲೋಕೆ ಮುಂಚೇನೇ ಸೋರ್ತಿತ್ತು ರೀ. ಅವನು ಹೇಳಿದ್ದು ನಿಜ."

ತಿರುಮಲೇಶ ಕಾರಿನ ಮೆಟ್ಟಿಲ ಮೇಲೆ ಕೂತ.

"ಆ ಬಾಟಲಿ ವಿಷಯ ನಂಗೆ ಗೊತ್ತಿಲ್ಲ. ಕಳ್ಳನೇ ಇದ್ರೂ ಇರಬಹುದು. ಆದರೆ ನಮ್ಮ ಕೆಲಸಕ್ಕೆ ಅಂತ ಹೋದವನು. ಹೋಗಿ ಕರ್ಕೊಂಡು ಬನ್ನಿ." ಅವಳು ಹರಳೆಣ್ಣೆಯ ಬಾಟಲಿಯನ್ನು ಅವನ ಕೈಗಿತ್ತಳು. "ಇದನ್ನೂ ತಗೊಂಡು ಹೋಗಿ. ಕೇಳಿದ್ರೆ ತೋರಿಸೋಕಾಗುತ್ತೆ."

ಸಯನ್ ಪೊಲೀಸ್ ಠಾಣೆಯಲ್ಲಿ ಸಬ್ ಇನ್‌ಸ್ಪೆಕ್ಟರ್ ಅವನ ಮಾತನ್ನು ಪೂರ್ತಿ ಕೇಳಿದ. ಹಳೆಯ ರಬ್ಬರು, ಹೊಸ ಚರ್ಮ, ಹರಳೆಣ್ಣೆ, ಮೂರನ್ನೂ ಮೇಜಿನ ಮೇಲೆ ಸಾಲಾಗಿ ಇಟ್ಟು ನೋಡಿದ.

"ನಿಮ್ಮದೇ ಕೆಲಸಕ್ಕೆ ಅಂದಿರಿ. ಹಾಗಾದರೆ ಹವಾಲ್ದಾರ ಕೇಳಿದಾಗ ಗೊತ್ತಿಲ್ಲ ಅಂದದ್ದು ಯಾಕೆ?"

ಬೆಂಚಿನ ಮೇಲೆ ದೂಜ ಕೂತಿದ್ದ. ಅವನೂ ಉತ್ತರಕ್ಕೆ ಕಾಯುತ್ತಿದ್ದ ಹಾಗಿತ್ತು.

"ಹೆದರಿದೆ," ಎಂದ ತಿರುಮಲೇಶ. "ಇವನೇ ನನ್ನ ಗಾಡಿ ಕೆಡಿಸಿದ ಅಂತ ತಿಳಿದಿದ್ದೆ."

ಸಬ್ ಇನ್‌ಸ್ಪೆಕ್ಟರ್‌ಗೆ ಇನ್ನೂ ಅನುಮಾನ. ಕೊನೆಗೆ ಅವನೇ ಒಂದು ದಾರಿ ಹುಡುಕಿದ. "ಈ ಹರಳೆಣ್ಣೆ, ಆ ಸ್ಪಿರಿಟ್ ಎರಡನ್ನೂ ನನ್ನೆದುರಿಗೇ ಬೆರೆಸು."

ದೂಜ ಸ್ಪಿರಿಟ್ಟನ್ನು ಹರಳೆಣ್ಣೆಗೆ ಸುರಿದು ಕುಲುಕಿದ. ಮಂದವಾಗಿದ್ದ ಎಣ್ಣೆ ತೆಳ್ಳಗಾಗಿ ಬಾಟಲಿಯೊಳಗೆ ಓಡಾಡತೊಡಗಿತು. ಸಬ್ ಇನ್‌ಸ್ಪೆಕ್ಟರ್ ಮೂಸಿ ನೋಡಿ ಮುಖ ಕಿವಿಚಿದ. "ಇದನ್ನ ಧಾರಾವಿಯ ಮಹಾ ಕುಡುಕನೂ ಮುಟ್ಟೋದಿಲ್ಲ," ಎಂದು ನಕ್ಕು, ಹೇಳಿಕೆ ಬರೆಸಿಕೊಂಡು ಇಬ್ಬರನ್ನೂ ಬಿಟ್ಟ.

ವಾಪಸು ಬರುವ ಲೋಕಲ್‌ನಲ್ಲಿ ಸೀಟು ಖಾಲಿಯಿದ್ದರೂ ದೂಜ ಬಾಗಿಲ ಬಳಿಯೇ ನಿಂತ.

ಮುಲುಂಡ್‌ನಲ್ಲಿ ಬಿಸಿಲು ಇಳಿಯುವ ಹೊತ್ತಿಗೆ ಚರ್ಮದ ವಾಶರು ತನ್ನ ಜಾಗದಲ್ಲಿ ಕೂತಿತು, ಎಣ್ಣೆ ತುಂಬಿತು. ಇನ್ನು ಪೈಪಿನೊಳಗಿನ ಗಾಳಿ ಹೊರಡಿಸಬೇಕು. ಒಬ್ಬರು ಮೇಲೆ ಪೆಡಲು ತುಳಿದು ಹಿಡಿಯಬೇಕು, ಇನ್ನೊಬ್ಬರು ಕೆಳಗೆ ಮಲಗಿ ತಿರುಪು ಬಿಚ್ಚಿ ಮುಚ್ಚಬೇಕು. ತಿರುಮಲೇಶ ಬಾಗಿಲು ತೆರೆದು ಸೀಟಿನಲ್ಲಿ ಕೂರಲು ಹೋದ.

"ನೀವು ಬೇಡ," ಎಂದ ದೂಜ. "ಅಮ್ಮ ಕೂತ್ಕೊಳ್ಳಲಿ."

ಪಂಕಜಾ ಗಂಡನ ಕಡೆ ನೋಡಲಿಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿ, ಚಪ್ಪಲಿ ಬಿಟ್ಟು ಕೂತಳು. ದೂಜ ಕಾರಿನಡಿ ತೂರಿದ.

"ಒತ್ತಿ ಅಮ್ಮ... ಹಿಡ್ಕೊಳ್ಳಿ... ಹಾಂ, ಬಿಡಿ."

ಹಾಗೆ ನಾಲ್ಕು ಚಕ್ರಕ್ಕೂ ನಡೆಯಿತು. ತಿರುಮಲೇಶ ಸೊಂಟದ ಮೇಲೆ ಕೈಯಿಟ್ಟು ಪಕ್ಕದಲ್ಲಿ ನಿಂತಿದ್ದ. ಮಾಡಲು ಅವನಿಗೆ ಬೇರೆ ಕೆಲಸವಿರಲಿಲ್ಲ. "ಗಟ್ಟಿಯಾಯ್ತು!" ಎಂದು ಪಂಕಜಾ ಕೂಗಿದಾಗ ಅವಳ ಮುಖದಲ್ಲಿ ಬೆಳಿಗ್ಗೆಯಿಂದ ಮೊದಲ ಸಲ ನಗು ಕಂಡಿತು.

ದೂಜ ತನ್ನ ಕೂಲಿ ಹೇಳಿದ, ತೆಗೆದುಕೊಂಡ.

"ದೂಜ, ಆಗ ಸಯನ್ ಸ್ಟೇಷನ್ನಲ್ಲಿ ನಾನು..."

"ಇವತ್ತು ಘಾಟಿ ಬೇಡ, ಮುಂದಿನ ಠಾಣೆ ಊರಲ್ಲಿ ಉಳ್ಕೊಳ್ಳಿ. ನಾಳೆ ಘಾಟಿ ಬುಡದ ಖೋಪೋಲಿಯಲ್ಲಿ ಒಮ್ಮೆ ಎಣ್ಣೆ ನೋಡಿ. ಮೈಸೂರಿನಲ್ಲಿ ಒಳ್ಳೆ ರಬ್ಬರು ತರಿಸಿ ಹಾಕಿಸಿ," ಎಂದು ಹೇಳಿ ದೂಜ ಕೈ ತೊಳೆಯಲು ಹೋಟೆಲಿನ ಹಿಂದಕ್ಕೆ ಹೋದ.

ಅವರು ಹೊರಟರು. ತಿರುಮಲೇಶ ಎತ್ತಿನ ಗಾಡಿಗಿಂತ ತುಸು ಜೋರಾಗಿ ಓಡಿಸುತ್ತ, ಖಾಲಿ ರಸ್ತೆಯಲ್ಲೂ ಮತ್ತೆ ಮತ್ತೆ ಬ್ರೇಕ್ ತುಳಿದ. ಪ್ರತಿ ಸಲವೂ ಕಾರು ನಿಂತಿತು. ಅಷ್ಟಾದರೂ ಠಾಣೆ ಊರು ಸಮೀಪಿಸಿದಾಗ ಪಕ್ಕಕ್ಕೆ ನಿಲ್ಲಿಸಿ ಇಳಿದು, ಎಡ ಮುಂಚಕ್ರದ ಒಳಮೈಗೆ ಕೈ ಹಾಕಿ ನೋಡಿದ. ಒಣಗಿತ್ತು. ಆಮೇಲೆ ಉಳಿದ ಮೂರಕ್ಕೂ ಹಾಕಿ ನೋಡಿದ.

"ಅವನಿಗೆ ನನ್ನ ಮೇಲೆ ಸಿಟ್ಟಿತ್ತಲ್ಲ," ಎಂದ ತಪ್ಪೊಪ್ಪಿಕೊಳ್ಳುವವನ ಹಾಗೆ.

"ಇತ್ತು," ಎಂದಳು ಪಂಕಜಾ. "ಆದರೂ ಬ್ರೇಕ್ ಸರಿ ಮಾಡಿದ. ಹತ್ತಿ, ಹೋಗೋಣ."