ಎಡಗಡೆಯ ಕಾರು

ಅರ್ಧ ಕಾರು ಗಂಡನದು, ಅರ್ಧ ಕಾರು ಹೆಂಡತಿಯದು. ಹೀಗೆಂದರೆ ಯಾರಿಗಾದರೂ ನಗು ಬಂದೀತು. ಆದರೆ ಕಾರಿನ ಮಾದರಿ ಮಾಡುವ ಆ ದೊಡ್ಡ ಕೋಣೆಯಲ್ಲಿ ಅದು ದಿನನಿತ್ಯದ ಮಾತು. ಅಲ್ಲಿ ಮೇಣ ಬೆರೆಸಿದ ಕಂದು ಮಣ್ಣನ್ನು ಮೆತ್ತಿ, ಕೆತ್ತಿ, ಪೂರ್ಣ ಗಾತ್ರದ ಕಾರನ್ನು ಎಬ್ಬಿಸುತ್ತಾರೆ. ಎಡಗಡೆಗೆ ಒಂದು ರೂಪ, ಬಲಗಡೆಗೆ ಇನ್ನೊಂದು ರೂಪ. ಮೇಲೆ ಬೆಳ್ಳಿ ಬಣ್ಣದ ಹಾಳೆ ಅಂಟಿಸಿದರೆ ನಿಜವಾದ ಕಾರೇ ಬಂದು ನಿಂತಂತೆ ಕಾಣುತ್ತದೆ. ನೋಡಿದವರು ಒಪ್ಪಿದ ಬದಿ ಉಳಿಯುತ್ತದೆ. ಒಪ್ಪದ ಬದಿಯನ್ನು ಹೆರೆದು, ಗೆದ್ದ ಬದಿಯ ಜೊತೆಯನ್ನು ಕನ್ನಡಿಯ ಬಿಂಬದಂತೆ ಅಲ್ಲಿ ಮೂಡಿಸುತ್ತಾರೆ.

ಈ ಕಾರಿನ ಎಡಗಡೆ ಗಂಡನ ಕೈಯದು, ಬಲಗಡೆ ಹೆಂಡತಿಯದು. ಇಬ್ಬರೂ ಕಾರಿನ ಎರಡು ಮಗ್ಗುಲಲ್ಲಿ ನಿಂತು, ಬಾನೆಟ್ಟಿನ ಮೇಲಿಂದ ಇಣುಕಿ ಒಬ್ಬರನ್ನೊಬ್ಬರು ಕೆಣಕುತ್ತ ಕೆಲಸ ಮಾಡುತ್ತಿದ್ದರು. ಸೋತವರು ಮನೆಯಲ್ಲಿ ಪಾತ್ರೆ ತೊಳೆಯಬೇಕೆಂದು ಪಂಥ ಕಟ್ಟಿದ್ದವನು ಅವನೇ. ಜ್ವರವೊಂದು ನೆವವಾಯಿತು, ದೇವರು ಅವನನ್ನು ನಡುವೆಯೇ ಕರೆಸಿಕೊಂಡ. ಅವಳು ತನ್ನ ಬದಿಯನ್ನು ಹೇಗೋ ಮುಗಿಸಿದಳು. ಅವನ ಬದಿಯನ್ನು ಮುಟ್ಟಲು ಮಾತ್ರ ಕೈ ಏಳಲಿಲ್ಲ. ಹಾಳೆ ಅಂಟಿಸುವ ದಿನವೂ ಅವನ ಬದಿಗೆ ಬೇರೆಯವರೇ ಅಂಟಿಸಿದರು.

ಕಂಪನಿಯ ಹಳೆಯ ಕಾರೊಂದಿತ್ತು. ದುಂಡು ಬಾನೆಟ್ಟು, ಇಳಿಜಾರು ಬೆನ್ನು. ತಯಾರಿ ನಿಂತು ಎಷ್ಟೋ ವರ್ಷಗಳಾದರೂ ಜನ ಅದನ್ನು ಮರೆತಿರಲಿಲ್ಲ. ಅದರ ನೆನಪಿಗೆ ಹೊಸದೊಂದನ್ನು ಮಾಡಲೆಂದೇ ಈ ಮಾದರಿ. ಯಾವ ಬದಿ ಉಳಿಯಬೇಕೆಂದು ಹೇಳಲು ಇಂದು ಮಧ್ಯಾಹ್ನ ಹಳೆಯ ಕಾರುಗಳ ಸಂಘದವರು ಬರುವವರಿದ್ದರು. ಸಂಘದ ಹಿರಿಯರೆಂದರೆ ಅವಳ ಮಾವ. ಎಲ್ಲರಿಗೂ ಅವರು ದೊಡ್ಡಣ್ಣ.

"ಯಾವ ಬದಿ ಯಾರದ್ದು ಅಂತ ಬಾಯಿ ಬಿಡಬಾರದು," ಎಂದು ವಿಭಾಗದ ಮುಖ್ಯಸ್ಥರು ಬೆಳಿಗ್ಗೆಯೇ ಎಚ್ಚರಿಸಿದ್ದರು. "ನಿಮ್ಮ ಮಾವನಿಗಂತೂ ಬೇಡವೇ ಬೇಡ. ಮಗನ ದುಃಖ ಹೊತ್ತು ಬರ್ತಾ ಇದ್ದಾರೆ. ನನಗೆ ಕಣ್ಣೀರು ಬೇಡಮ್ಮ, ತೀರ್ಪು ಬೇಕು."

ಅವಳು ತಲೆಯಾಡಿಸಿದ್ದಳು. ಮನೆಯಲ್ಲೂ ಮಾವ ಕೇಳಿರಲಿಲ್ಲ, ಅವಳೂ ಹೇಳಿರಲಿಲ್ಲ. ಗಂಡ ಒಂದು ಬದಿ, ಹೆಂಡತಿ ಒಂದು ಬದಿ ಎಂಬಷ್ಟು ಮಾತ್ರ ಅವರಿಗೆ ಗೊತ್ತಿತ್ತು.

ಮಧ್ಯಾಹ್ನ ಕಾರಿನ ಮುಸುಕು ಸರಿಸಿದ್ದೇ ತಡ, ಸಂಘದವರು ಎರಡೂ ಮಗ್ಗುಲಿಗೆ ನುಗ್ಗಿದರು. ಬಲಗಡೆಗೆ ನಿಂತವನು ಹಾರ್ನಣ್ಣ. ಬಸ್ಸು ಓಡಿಸುವವನು, ಗಂಟಲು ತೆರೆದರೆ ಹಾರ್ನೇ ಬೇಡ.

"ಅಯ್ಯಯ್ಯೋ, ನಮ್ಮಜ್ಜಿಗೆ ಪೌಡರ್ ಬಳಿದು ಕೂರಿಸಿದ ಹಾಗಿದೆಯಲ್ರೀ!"

"ಅಜ್ಜಿ ಎಲ್ಲಿ ಕಂಡ್ಳು ನಿಮಗೆ?" ಎಡಗಡೆಯಿಂದ ಹಲ್ಲಿನ ಡಾಕ್ಟರಮ್ಮ ಕೇಳಿದರು. "ಮೈಯೆಲ್ಲ ಚಾಕುವಿನ ಅಲಗಿದ್ದ ಹಾಗಿದೆ. ಮುಟ್ಟಿದರೆ ಬೆರಳು ಹೋಗುತ್ತೆ."

"ಅಲಗಾ? ಬೆಣ್ಣೆ ಮುದ್ದೆ ಇದ್ದ ಹಾಗಿದೆ."

"ನಿಮ್ಮ ಕಣ್ಣಿಗೆ ಪೊರೆ ಬಂದಿರಬೇಕು."

"ಬಸ್ಸು ಓಡಿಸೋ ಕಣ್ಣು ಕಣಮ್ಮ ಇದು! ನಿಮಗೇ ಎಲ್ಲಿ ನೋಡಿದ್ರೂ ಹಲ್ಲು ಕಾಣೋದು."

ಇಬ್ಬರೂ ಜಗಳ ತೆಗೆಯುತ್ತಲೇ ಕಾರಿನ ಮೂತಿಯ ಬಳಿ ಬಂದು ಸೇರಿದರು. ಹಾರ್ನಣ್ಣ ಆ ಕಡೆ ನೋಡಿದ, ಡಾಕ್ಟರಮ್ಮ ಈ ಕಡೆ ನೋಡಿದರು. ನಡುವಿನ ಗೆರೆಯ ಆಚೆಗೊಂದು ಕಾರು, ಈಚೆಗೊಂದು ಕಾರು. ಕೋಣೆಯೆಲ್ಲ ಗೊಳ್ಳೆಂದಿತು. ಮುಖ್ಯಸ್ಥರೂ ನಕ್ಕರು.

ನಗದೆ ಉಳಿದವರು ಇಬ್ಬರೇ. ಸೊಸೆ ಗೋಡೆಗೆ ಒರಗಿ ನಿಂತಿದ್ದಳು. ಮಾವ ಕೈಗಡಿಯಾರ ಬಿಚ್ಚಿ ಜೇಬಿಗೆ ಹಾಕುತ್ತಿದ್ದರು.

ಸಂಘದವರಲ್ಲಿ ಒಂದು ರೂಢಿ. ಹಳೆಯ ಕಾರು ಕೊಳ್ಳುವ ಮೊದಲು ಹಿರಿಯರು ಕಣ್ಣು ಮುಚ್ಚಿ ಅದರ ಮೈಯನ್ನು ಮೂತಿಯಿಂದ ಬಾಲದವರೆಗೆ ಸವರಬೇಕು. ಬಣ್ಣ ಕಣ್ಣಿಗೆ ಮಣ್ಣೆರಚುತ್ತದೆ, ಅಂಗೈಗೆ ಎರಚಲಾರದು. ಒಳಗೆ ತೇಪೆಯಿದ್ದರೆ, ತಗ್ಗಿದ್ದರೆ, ಅಂಗೈ ಹೇಳಿಬಿಡುತ್ತದೆ. ಹಿರಿಯರು ಸವರಿ ಮುಗಿಸುವವರೆಗೆ ಉಳಿದವರು ತುಟಿ ಬಿಚ್ಚುವಂತಿಲ್ಲ.

ಮಾವ ಮನಸ್ಸಿನಲ್ಲೇ ದೇವರನ್ನು ನೆನೆದು ಎಡಗಡೆಯಿಂದ ಶುರು ಮಾಡಿದರು. ಆಳಕ್ಕೆ ಕೂರಿಸಿದ ಪುಟ್ಟ ದೀಪದ ಗುಳಿ, ಉದ್ದನೆಯ ಬಾನೆಟ್ಟು, ಬಾಗಿಲ ಮೇಲೆ ಹರಿದ ಒಂದೇ ಒಂದು ಚೂಪು ಗೆರೆ. ಅವಳ ಉಸಿರು ಅವರ ಅಂಗೈ ಹಿಂದೆಯೇ ಹೋಯಿತು. ಹಿಂಚಕ್ರದ ಮೇಲೆ ಕೈ ತಡವರಿಸಿ ನಿಂತಿತು. ಹಿಂದಕ್ಕೆ ಬಂತು, ಮುಂದಕ್ಕೆ ಹೋಯಿತು.

"ಜೀವ ಇಲ್ಲ," ಎಂದರು ಮಾವ, ಕಣ್ಣು ತೆರೆಯದೆಯೇ. "ಗೆರೆ ಜೋರಾಗಿ ಹೊರಡುತ್ತೆ, ಬಾಲದ ಹತ್ತಿರ ಬರೋಷ್ಟರಲ್ಲಿ ಸತ್ತುಹೋಗುತ್ತೆ. ಇದನ್ನು ಮಾಡಿದವರಿಗೆ ಕೊನೆ ಮುಟ್ಟಿಸೋಕೆ ಗೊತ್ತಿಲ್ಲ."

ಅವಳು ಗೋಡೆ ಬಿಟ್ಟು ಒಂದು ಹೆಜ್ಜೆ ಮುಂದೆ ಬಂದು ನಿಂತಳು.

ಅವರು ಬಲಗಡೆಗೆ ಬಂದರು. ದುಂಡು ಬಾನೆಟ್ಟಿನ ಮೇಲೆ ಕೈಯಿಟ್ಟ ಕೂಡಲೇ ಮುಖ ಸಡಿಲವಾಯಿತು. ಮಡ್‌ಗಾರ್ಡಿನ ಉಬ್ಬು ದಾಟಿ, ಬಾಗಿಲು ದಾಟಿ, ಇಳಿಜಾರು ಬೆನ್ನಿನ ಮೇಲೆ ಅಂಗೈ ತಾನಾಗಿಯೇ ಜಾರಿತು. ಕಣ್ಣು ತೆರೆದಾಗ ಅವು ತುಂಬಿದ್ದವು.

"ಇದು ನನ್ನ ಮಗ ಮಾಡಿದ್ದು! ನನ್ನ ಹಳೇ ಕಾರಿನ ಬೆನ್ನು ಇದು. ಚಿಕ್ಕವನಿದ್ದಾಗ ಇದರ ಮೇಲಿಂದ ಜಾರಿ ಜಾರಿ ಚಡ್ಡಿ ಹರ್ಕೊಂಡವನು ಅವನು. ನನಗೆ ಯಾರೂ ಹೇಳಬೇಕಾಗಿಲ್ಲ."

ಈಗಷ್ಟೇ ಅಜ್ಜಿಯ ಪೌಡರ್ ಎಂದಿದ್ದ ಹಾರ್ನಣ್ಣ ತಲೆ ತಗ್ಗಿಸಿ, "ಚೆನ್ನಾಗಿದೆ ದೊಡ್ಡಣ್ಣ. ನೋಡ್ತಾ ನೋಡ್ತಾ ಹಿಡಿಸುತ್ತೆ," ಎಂದ. ಡಾಕ್ಟರಮ್ಮ ಕನ್ನಡಕ ಒರೆಸುತ್ತ, "ಬಲಗಡೆಯೇ ಆಗಲಿ ಬಿಡಿ," ಎಂದರು. ಒಬ್ಬೊಬ್ಬರಾಗಿ ಎಲ್ಲರೂ ಬಲಗಡೆಗೆ ಸರಿದರು. ಮುಖ್ಯಸ್ಥರು ಅವಳತ್ತ ಒಂದು ನೋಟ ಬೀರಿದರು. ಸುಮ್ಮನಿರು ಎಂದಿತ್ತು ಆ ನೋಟ.

ಸುಮ್ಮನಿರುವುದು ಸುಲಭವಾಗಿತ್ತು. ತುಟಿ ಕಚ್ಚಿಕೊಂಡು ನಿಂತರೆ ಸಾಕು. ಅವಳ ಕೆಲಸ ಗೆಲ್ಲುತ್ತದೆ, ಮುದುಕರು ಮಗನ ಕಾರು ಗೆದ್ದಿತೆಂದು ನೆಮ್ಮದಿಯಿಂದ ಮನೆಗೆ ಹೋಗುತ್ತಾರೆ. ಸಂಜೆಯೊಳಗೆ ಎಡಗಡೆಯ ಮಣ್ಣು ನೆಲಕ್ಕೆ ಬೀಳುತ್ತದೆ. ಗಂಡನ ಕೊನೆಯ ಕೆಲಸ, ಅವನದೆಂದು ಅವನ ಅಪ್ಪನೂ ಅರಿಯದಂತೆ, ಕೊನೆ ಮುಟ್ಟಿಸಲು ಬಾರದವರ ಕೆಲಸವೆಂಬ ಮಾತು ಹೊತ್ತು ಬೀಳುತ್ತದೆ. ಹೇಳಿದರೆ? ಇಷ್ಟು ಜನರೆದುರು ಮಗನ ಕೆಲಸವನ್ನು ಜರೆದ ಅಪ್ಪ ಇನ್ನು ಹೇಗೆ ತಲೆಯೆತ್ತಿ ನಿಲ್ಲುತ್ತಾರೆ? ನುಂಗುವಂತಿಲ್ಲ, ಉಗುಳುವಂತಿಲ್ಲ.

ಮಾವ ಅವಳ ಬಳಿ ಬಂದು ತಲೆ ಸವರಿದರು. "ಬೇಜಾರು ಮಾಡ್ಕೋಬೇಡ ಮಗಳೇ. ನಿನ್ನದನ್ನು ಒರಟಾಗಿ ಅಂದುಬಿಟ್ಟೆ. ನೀನಿನ್ನೂ ಕಲೀತೀಯ."

ಅಲ್ಲಿಗೆ ಅವಳ ಮೌನದ ಕಟ್ಟೆ ಒಡೆಯಿತು.

"ಮಾವ, ಎಡಗಡೆಯದು ಅವರದು."

"ಏನಂದೆ?"

"ಬಲಗಡೆ ಮಾಡಿದ್ದು ನಾನು. ನಿಮ್ಮ ಕಾರನ್ನು ನೋಡಿ ನೋಡಿ ಮಾಡಿದೆ. ಅವರು ಮಾತ್ರ, ಅಪ್ಪನ ಕಾರನ್ನೇ ಮತ್ತೆ ಮಾಡಿದರೆ ಅದು ಬರೀ ಫೋಟೋ, ಕಾರಲ್ಲ ಅಂತಿದ್ರು. ಎಡಗಡೆ ಅವರದು."

ಮುಖ್ಯಸ್ಥರು ಹಣೆಗೆ ಕೈ ಹಚ್ಚಿದರು. ಮಾವನ ಮುಖ ಮೊದಲು ಕೆಂಪೇರಿತು, ಆಮೇಲೆ ಬಿಳಿಚಿತು.

"ಯಾಕೆ ಹೇಳಿದೆ?" ಎಂದರು. "ನಾನು ಆಡಿ ಮುಗಿಸೋವರೆಗೂ ಬಾಯಿ ಹೊಲ್ಕೊಂಡು ನಿಂತಿದ್ದೆಯಲ್ಲ, ಆಮೇಲೂ ಹಾಗೇ ಇರಬಾರದಿತ್ತೇ?"

"ತಪ್ಪಾಯ್ತು ಮಾವ. ಅದನ್ನು ನನ್ನದು ಅಂತ ನೀವೆಲ್ಲ ತಿಳಿದಿರುವಾಗ ಹೆರೆಸೋದು ನನ್ನ ಕೈಲಿ ಆಗಲಿಲ್ಲ."

ಅವರು ಎಡಗಡೆಗೆ ನಡೆದರು. ಹಾರ್ನಣ್ಣ ಹಿಡಿದುಕೊಳ್ಳಲು ಕೈ ಚಾಚಿದ, ಅವರು ಕೊಡವಿದರು. ಈ ಸಲ ಕಣ್ಣು ಮುಚ್ಚಲಿಲ್ಲ. ಗೆರೆಯ ಮೇಲೆ ಅಂಗೈಯಿಟ್ಟು, ಹಿಂಚಕ್ರದ ಮೇಲೆ ಅದೇ ಜಾಗಕ್ಕೆ ಬಂದು ನಿಂತರು.

"ಇಲ್ಲಿಂದ ಮುಂದೆ?"

"ಅಲ್ಲಿಗೇ ನಿಂತಿತು ಮಾವ. ಅಲ್ಲಿವರೆಗೆ ಮಾಡಿ ಆ ದಿನ ಮೈ ಬಿಸಿ ಅಂತ ಮನೆಗೆ ಬಂದರು. ಆಮೇಲೆ ನಾನು ಮುಟ್ಟಲಿಲ್ಲ."

ಮುದುಕರು ಬಹಳ ಹೊತ್ತು ಕೈ ತೆಗೆಯಲಿಲ್ಲ.

ಹಾರ್ನಣ್ಣ ಮೆಲ್ಲಗೆ ಮಾತಾಡಲು ನೋಡಿದ. ಅವನ ಮೆಲ್ಲಗೆ ಎಂದರೂ ಕೋಣೆಗೆಲ್ಲ ಕೇಳಿತು. "ದೊಡ್ಡಣ್ಣ, ನೀವು ಹೂಂ ಅಂದರೆ ನಾವೆಲ್ಲ ಎಡಗಡೆಗೇ ಬರ್ತೀವಿ. ಏನು ಮಹಾ."

"ಬೇಡ," ಎಂದರು ಮಾವ. "ನೀವು ಕಾರು ನೋಡೋಕೆ ಬಂದವರು, ಸಾವಿನ ಮನೆಗೆ ಬಂದವರಲ್ಲ." ಬಳಿಕ ಮುಖ್ಯಸ್ಥರತ್ತ ತಿರುಗಿದರು. "ಬಲಗಡೆಯೇ ಸರಿ, ಸ್ವಾಮಿ. ಅಂಗೈ ತಪ್ಪಲಿಲ್ಲ, ಆ ಬದಿಗೆ ಮಗನ ಹೆಸರಿಟ್ಟ ನಾಲಿಗೆ ತಪ್ಪಿತು. ಇವನ ಬದಿ ಮುಗಿದಿದ್ದರೆ ಏನು ಹೇಳ್ತಿದ್ದೆನೋ, ಭಗವಂತನೇ ಬಲ್ಲ. ಮುಗಿಯದ್ದನ್ನು ಮುಗಿದಿದೆ ಅಂತ ನಾನು ಹೇಳಲಾರೆ."

ಸಂಘದವರು ಸದ್ದಿಲ್ಲದೆ ಹೊರಟುಹೋದರು. ಮಾವ ಹೋಗಲಿಲ್ಲ. ಅವಳು ಬೆಳ್ಳಿ ಹಾಳೆಯನ್ನು ಸುಲಿದು, ಹೆರೆಯುವ ಅಲಗನ್ನು ಹಿಡಿದು ನಿಂತಳು.

"ಹೆರೆದ ಮಣ್ಣನ್ನು ಏನು ಮಾಡ್ತೀರಿ?" ಎಂದು ಅವರು ಕೇಳಿದರು.

"ಒಲೆಯಲ್ಲಿ ಬಿಸಿ ಮಾಡಿ ಮತ್ತೆ ಇಲ್ಲೇ ಮೆತ್ತುತ್ತೀವಿ. ಬಿಸಾಡೋದಿಲ್ಲ."

"ಇದೇ ಮಣ್ಣನ್ನಾ?"

"ಇದನ್ನೇ, ಮಾವ."

ಅವರು ಅಂಗಿಯ ತೋಳು ಮಡಚಿದರು. ಅವಳು ಬಾನೆಟ್ಟಿನ ಕಡೆಯಿಂದ ಹೆರೆಯತೊಡಗಿದಳು. ಸುರುಳಿ ಸುರುಳಿಯಾಗಿ ಬಿದ್ದುದನ್ನು ಅವರು ಬಗ್ಗಿ, ಒಂದು ಚೂರೂ ನೆಲದಲ್ಲಿ ಉಳಿಯದಂತೆ ಆರಿಸಿ ತಟ್ಟೆಗೆ ತುಂಬಿದರು. ಬಾಗಿಲು ಹೋಯಿತು, ಗೆರೆ ಹೋಯಿತು. ಗೆರೆ ನಿಂತ ಜಾಗ ಬಂದಾಗ ಅವಳು ಅಲಗನ್ನು ಅವರಿಗೆ ಕೊಟ್ಟಳು. ಅವರು ಹೆರೆದರು.

ಒಲೆಯಿಂದ ಮಣ್ಣು ಮೆತ್ತಗಾಗಿ ಬಂತು. ಮೊದಲ ಮುದ್ದೆಯನ್ನು ಅವಳು ಮಾವನ ಅಂಗೈಯಲ್ಲಿಟ್ಟಳು.

"ಸುಡ್ತಾ ಇದೆಯಾ?"

"ಇಲ್ಲ, ಬೆಚ್ಚಗಿದೆ," ಎಂದರು ಅವರು. ಅದನ್ನು ಹಿಂಚಕ್ರದ ಮೇಲೆ ಅದೇ ಜಾಗದಲ್ಲಿ ಒತ್ತಿ, ಬಾಲದ ಕಡೆಗೆ ಎಳೆದು, ಇನ್ನೊಂದು ಮುದ್ದೆಗೆ ಕೈ ಚಾಚಿದರು.